ಹೀರೋಯಿನ್ ಮಾರ್ಕೆಟ್ ಯಾಕೆ ಬಿತ್ತು ಅಂತ ಹುಡುಕುವುದು ಹೇಗೆ? ಮೆಗ್ ರಯಾನ್ ಲೆಕ್ಕ

ಪೋಸ್ಟರ್ ಮೇಲೆ ಮುಖ ಇದ್ದರೆ ಸಾಕು, ಜನರಿಂದ ಟಿಕೆಟ್ ತೆಗೆಸುತ್ತಿದ್ದ ನಟಿ ಆಮೇಲೆ ಎಲ್ಲಿ ಹೋದರು ಅಂತ ಯಾರನ್ನಾದರೂ ಕೇಳಿ ನೋಡಿ. ಉತ್ತರ ತಯಾರೇ ಇರುತ್ತದೆ. "ಅಫೇರ್ ಆತ್ರೀ, ಅಲ್ಲಿಗೆ ಮುಗೀತು." "ವಯಸ್ಸಾತು, ಇನ್ನೇನ್ರೀ?" "ಮುಖಕ್ಕ ಏನೋ ಮಾಡಿಸಿಕೊಂಡ್ಳಂತ." ಚಹಾ ಕುಡಿಯುತ್ತಾ ಆಡುವ ಮಾತಿಗೆ ಇಷ್ಟು ಸಾಕು. ನಾಲ್ಕು ಜನರ ಮುಂದೆ ನಿಂತು ಹದಿನೈದು ನಿಮಿಷ ಮಾತಾಡಬೇಕು ಅಥವಾ ಎರಡು ಪುಟ ಬರೆಯಬೇಕು ಅಂದರೆ ಸಾಲದು.

ನಾನು ಬೆಳಗಾವಿಯ ತಿಳಕವಾಡಿಯಲ್ಲಿ ವಿಡಿಯೋ ಲೈಬ್ರರಿ ನಡೆಸಿದವನು. ಮೊದಲು ವಿಎಚ್‌ಎಸ್ ಕ್ಯಾಸೆಟ್, ಆಮೇಲೆ ವಿಸಿಡಿ, ಕೊನೆಗೆ ಡಿವಿಡಿ. ಈಗ ಅದೇ ಅಂಗಡಿಯಲ್ಲಿ ಝೆರಾಕ್ಸ್ ಮಷಿನ್ ಇದೆ. ಭಾನುವಾರ ಸಂಜೆ ಶಟರ್ ಅರ್ಧ ಇಳಿಸಿ ಕಾಲೇಜಿನ ಹುಡುಗ ಹುಡುಗಿಯರು ಕೂಡುತ್ತಾರೆ. ಚುರಮರಿ ತಿನ್ನುತ್ತಾ ಒಬ್ಬೊಬ್ಬರು ಒಬ್ಬ ನಟ ಅಥವಾ ನಟಿಯ ಬಗ್ಗೆ ಮಾತಾಡಬೇಕು. ಮೊಬೈಲ್ ನೋಡಿಕೊಂಡು ಓದುವ ಅದೇ ಹತ್ತು ಸಾಲು ಕೇಳಿ ಕೇಳಿ ಸಾಕಾಯಿತು. ಅದಕ್ಕೇ ಅವರಿಗೆ ಒಂದು ದಾರಿ ಹೇಳಿಕೊಟ್ಟೆ. ಹಾಲಿವುಡ್ ನಟಿ ಮೆಗ್ ರಯಾನ್ ಅವರನ್ನು ಉದಾಹರಣೆಗೆ ಇಟ್ಟುಕೊಂಡು ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಯಾವ ನಟಿಗೆ ಬೇಕಾದರೂ ಇದೇ ದಾರಿ ನಡೆಯುತ್ತದೆ.

ಮೆಗ್ ರಯಾನ್ ಯಾಕೆ ಅಂದರೆ, ನನ್ನ ಅಂಗಡಿಯಲ್ಲಿ ಸಿನಿಮಾದ ಹೆಸರು ಹೇಳದೆ ಬರೀ ಮುಖದ ಮೇಲೆ ಕೇಳುತ್ತಿದ್ದ ಇಂಗ್ಲಿಷ್ ಸಿನಿಮಾ ನಟಿ ಅವರೊಬ್ಬರೇ. "ಆ ಗಿಡ್ಡ ಕೂದ್ಲಾಕಿದು ಹೊಸಾದು ಬಂದೈತೇನ್ರೀ ಕಾಕಾ?" ಅಂತ ಮೆಡಿಕಲ್ ಕಾಲೇಜಿನ ಹುಡುಗಿಯರು ಬರುತ್ತಿದ್ದರು. ಕ್ಯಾಂಪ್ ಕಡೆಯಿಂದ ಮಿಲಿಟರಿಯವರ ಮನೆಯವರೂ ಬರುತ್ತಿದ್ದರು. ಆಮೇಲೆ ಒಂದು ಹೊತ್ತಿಗೆ ಕೇಳುವುದೇ ನಿಂತುಹೋಯಿತು.

ಮೊದಲು ಇಸವಿ, ಆಮೇಲೆ ಮಾತು

ಒಂದು ಉದ್ದ ರಿಜಿಸ್ಟರ್ ಬುಕ್ ತಗೊಳ್ಳಿ. ಎರಡು ಪುಟ ಜೋಡಿಸಿ ಐದು ಕಾಲಂ ಗೆರೆ ಹಾಕಿ. ಇಸವಿ, ಸಿನಿಮಾ, ಬರೆದವರು ಮತ್ತು ನಿರ್ದೇಶಿಸಿದವರು, ದುಡ್ಡು, ಅದೇ ವರ್ಷ ಬದುಕಿನಲ್ಲಿ ಆದದ್ದು. ಕೊನೆಯ ಕಾಲಂ ಸದ್ಯಕ್ಕೆ ಖಾಲಿ ಬಿಡಿ. ಎಲ್ಲರೂ ಅದನ್ನೇ ಮೊದಲು ತುಂಬಿಸುತ್ತಾರೆ. ಉಳಿದ ನಾಲ್ಕು ಕಾಲಂ ಆಮೇಲೆ ಅದಕ್ಕೆ ತಕ್ಕಂತೆ ಬಾಗುತ್ತವೆ.

ಮೆಗ್ ರಯಾನ್ ಹುಟ್ಟಿದ್ದು 1961ರ ನವೆಂಬರ್‌ನಲ್ಲಿ. ಇದನ್ನು ಪುಟದ ತಲೆಯ ಮೇಲೆ ಬರೆಯಿರಿ, ಮುಂದೆ ಬೇಕಾಗುತ್ತದೆ. 1986ರ ಟಾಪ್ ಗನ್‌ನಲ್ಲಿ ಸಣ್ಣ ಪಾತ್ರ. 1989ರಲ್ಲಿ ವೆನ್ ಹ್ಯಾರಿ ಮೆಟ್ ಸ್ಯಾಲಿ, ಅಲ್ಲಿಂದ ಹೆಸರು. 1990ರಲ್ಲಿ ಜೋ ವರ್ಸಸ್ ದ ವಾಲ್ಕೇನೋ. 1993ರಲ್ಲಿ ಸ್ಲೀಪ್‌ಲೆಸ್ ಇನ್ ಸಿಯಾಟಲ್. 1994ರಲ್ಲಿ ವೆನ್ ಎ ಮ್ಯಾನ್ ಲವ್ಸ್ ಎ ವುಮನ್. 1995ರಲ್ಲಿ ಫ್ರೆಂಚ್ ಕಿಸ್, ಅದಕ್ಕೆ ಅವರೇ ನಿರ್ಮಾಪಕರಲ್ಲಿ ಒಬ್ಬರು. 1996ರಲ್ಲಿ ಕರೇಜ್ ಅಂಡರ್ ಫೈರ್. 1998ರಲ್ಲಿ ಎರಡು ದೊಡ್ಡ ಸಿನಿಮಾ, ಸಿಟಿ ಆಫ್ ಏಂಜಲ್ಸ್ ಮತ್ತು ಯೂವ್ ಗಾಟ್ ಮೇಲ್. 2000ದಲ್ಲಿ ಹ್ಯಾಂಗಿಂಗ್ ಅಪ್, ಪ್ರೂಫ್ ಆಫ್ ಲೈಫ್. 2001ರಲ್ಲಿ ಕೇಟ್ ಅಂಡ್ ಲಿಯೋಪೋಲ್ಡ್. 2003ರಲ್ಲಿ ಇನ್ ದ ಕಟ್. 2004ರಲ್ಲಿ ಅಗೇನ್‌ಸ್ಟ್ ದ ರೋಪ್ಸ್. ಆಮೇಲೆ ನೇರ 2007.

ಬರೆದು ಮುಗಿಸಿದ ಮೇಲೆ ಬುಕ್ ಸ್ವಲ್ಪ ದೂರ ಹಿಡಿದು ನೋಡಿ. 2004 ಮತ್ತು 2007ರ ನಡುವಿನ ಖಾಲಿ ಜಾಗ ಕಣ್ಣಿಗೆ ಹೊಡೆಯುತ್ತದೆ. ಅದಕ್ಕೂ ಮುಂಚೆ ಹೆಚ್ಚುಕಡಿಮೆ ವರ್ಷಕ್ಕೊಂದು, ಕೆಲವೊಮ್ಮೆ ಎರಡು ಸಿನಿಮಾ ಬರುತ್ತಿದ್ದವು. ಯಾವ ನಟಿಯ ಪಟ್ಟಿ ಮಾಡಿದರೂ ಮೊದಲು ಇಂಥ ಖಾಲಿ ಜಾಗ ಹುಡುಕಿ. ಬೆರಳು ಅಲ್ಲೇ ಇಟ್ಟು, ಅಲ್ಲಿಂದ ಹಿಂದಕ್ಕೆ ಓದುತ್ತಾ ಬನ್ನಿ.

ದುಡ್ಡಿನ ಕಾಲಂ

ಇದರಲ್ಲಿ ಒಂದು ಲೆಕ್ಕ ಗೊತ್ತಿರಬೇಕು. ಥಿಯೇಟರ್‌ನಲ್ಲಿ ಬಂದ ದುಡ್ಡಿನಲ್ಲಿ ಸುಮಾರು ಅರ್ಧ ಥಿಯೇಟರ್‌ನವರೇ ಇಟ್ಟುಕೊಳ್ಳುತ್ತಾರೆ. ಪ್ರಚಾರದ ಖರ್ಚು ಬೇರೆ. ಅಂದರೆ ಒಂದು ಸಿನಿಮಾ ಹಾಕಿದ ಬಂಡವಾಳದ ಎರಡು ಪಟ್ಟಿಗಿಂತ ಜಾಸ್ತಿ ತಂದರೆ ಮಾತ್ರ ಥಿಯೇಟರ್‌ನಲ್ಲೇ ಗೆದ್ದ ಹಾಗೆ. "50 ಲಕ್ಷ ಹಾಕಿದ್ರು, 60 ಲಕ್ಷ ಬಂತು, ಲಾಭ" ಅಂತ ಹುಡುಗರು ಲೆಕ್ಕ ಹೇಳುತ್ತಾರೆ. ಅದು ಲಾಭವಲ್ಲ, ಮುಳುಗಿದ ಲೆಕ್ಕ.

ಈಗ ಅಂಕಿ ತುಂಬಿಸಿ. ಸ್ಲೀಪ್‌ಲೆಸ್ ಇನ್ ಸಿಯಾಟಲ್ ಎರಡು ಕೋಟಿ ಡಾಲರ್ ಆಸುಪಾಸಿನಲ್ಲಿ ಆದ ಸಿನಿಮಾ, ಜಗತ್ತಿನಾದ್ಯಂತ ತಂದದ್ದು ಸುಮಾರು 22 ಕೋಟಿ ಡಾಲರ್. ಯೂವ್ ಗಾಟ್ ಮೇಲ್ 25 ಕೋಟಿ ಡಾಲರ್. ಸಿಟಿ ಆಫ್ ಏಂಜಲ್ಸ್ ಹತ್ತಿರ ಹತ್ತಿರ 20 ಕೋಟಿ ಡಾಲರ್. ಎರಡೇ ವರ್ಷ ಕಳೆದು ಬಂದ ಪ್ರೂಫ್ ಆಫ್ ಲೈಫ್ ನೋಡಿ. ಹಾಕಿದ್ದು 6.5 ಕೋಟಿ, ಬಂದದ್ದು 6 ಕೋಟಿ ಚಿಲ್ಲರೆ. ಅಗೇನ್‌ಸ್ಟ್ ದ ರೋಪ್ಸ್ ಇನ್ನೂ ಕಷ್ಟ. ಸುಮಾರು 4 ಕೋಟಿ ಡಾಲರ್ ಹಾಕಿ ಒಂದು ಕೋಟಿ ಕೂಡ ಬರಲಿಲ್ಲ.

ಇಲ್ಲಿ ಅವಸರ ಮಾಡಬೇಡಿ. "ನೋಡ್ರೀ, 2000ದಿಂದ ಫ್ಲಾಪ್ ಶುರು" ಅಂತ ಹೇಳಬೇಕು ಅನಿಸುತ್ತದೆ. ಮೇಲಿನ ಸಾಲುಗಳನ್ನು ಮತ್ತೊಮ್ಮೆ ನೋಡಿ. ಜೋ ವರ್ಸಸ್ ದ ವಾಲ್ಕೇನೋ ಓಡಲಿಲ್ಲ. 1992ರ ಪ್ರಿಲ್ಯೂಡ್ ಟು ಎ ಕಿಸ್, 1993ರ ಫ್ಲೆಶ್ ಅಂಡ್ ಬೋನ್ ಯಾರಿಗೂ ನೆನಪಿಲ್ಲ. ಸೋತ ಸಿನಿಮಾ ಅವರ ಒಳ್ಳೆಯ ಕಾಲದಲ್ಲೂ ಇದ್ದವು. ಆದರೆ ಮಳೆಯಾದ ಒಂದು ವರ್ಷ ಎರಡು ಬರಗಾಲದ ಸಾಲ ತೀರಿಸುತ್ತದಲ್ವಾ, ಹಾಗೆ ಪ್ರತಿ ಸಲ ಒಂದು ದೊಡ್ಡ ಹಿಟ್ ಬಂದು ಹಿಂದಿನದ್ದನ್ನೆಲ್ಲ ಮರೆಸುತ್ತಿತ್ತು. 2001ರ ನಂತರ ಫ್ಲಾಪ್ ಜಾಸ್ತಿ ಆಗಿದ್ದಕ್ಕಿಂತ, ಮರೆಸುವ ಹಿಟ್ ಬರುವುದೇ ನಿಂತಿತು. ಹಾಗಾಗಿ ಕೇಳಬೇಕಾದ ಪ್ರಶ್ನೆ ಬದಲಾಗುತ್ತದೆ. ಆ ಹಿಟ್‌ಗಳು ಎಲ್ಲಿಂದ ಬರುತ್ತಿದ್ದವು?

ಹಿಟ್ ಯಾರ ಕೈಯಿಂದ ಬಂತು

ಮೂರನೇ ಕಾಲಂಗೆ ಬನ್ನಿ. ವೆನ್ ಹ್ಯಾರಿ ಮೆಟ್ ಸ್ಯಾಲಿ ನಿರ್ದೇಶಿಸಿದ್ದು ರಾಬ್ ರೈನರ್, ಬರೆದದ್ದು ನೋರಾ ಎಫ್ರಾನ್. ಸ್ಲೀಪ್‌ಲೆಸ್ ಇನ್ ಸಿಯಾಟಲ್ ಮತ್ತು ಯೂವ್ ಗಾಟ್ ಮೇಲ್ ಎರಡನ್ನೂ ನಿರ್ದೇಶಿಸಿದ್ದು ನೋರಾ ಎಫ್ರಾನ್. ಆ ಎರಡರಲ್ಲೂ ಹೀರೋ ಟಾಮ್ ಹ್ಯಾಂಕ್ಸ್. ಜನ ಟಾಮ್ ಹ್ಯಾಂಕ್ಸ್ ಜೋಡಿ, ಜೋಡಿ ಅನ್ನುತ್ತಾರೆ. ಜೋ ವರ್ಸಸ್ ದ ವಾಲ್ಕೇನೋದಲ್ಲೂ ಅದೇ ಜೋಡಿ ಇತ್ತು, ಅದರಲ್ಲಿ ಮೆಗ್ ಮೂರು ಪಾತ್ರ ಮಾಡಿದ್ದರು. ಆದರೂ ಓಡಲಿಲ್ಲ. ಬರೀ ಜೋಡಿಯಿಂದ ಆಗುವುದಿಲ್ಲ ಅಂತ ಇಲ್ಲೇ ಗೊತ್ತಾಗುತ್ತದೆ.

ಎಫ್ರಾನ್ ಬರೆಯುವ ಹೆಣ್ಣು ಮಾತುಗಾರ್ತಿ. ಸ್ವಲ್ಪ ಹಟ, ಸ್ವಲ್ಪ ಶಿಸ್ತು ಜಾಸ್ತಿ. ಹೋಟೆಲ್‌ನಲ್ಲಿ ಮೆಗ್ ಮಾಡಿದ ಸ್ಯಾಲಿ ಆರ್ಡರ್ ಕೊಡುವುದನ್ನು ನೋಡಿ. ಇದು ಬೇರೆ ತಟ್ಟೆಯಲ್ಲಿ, ಅದು ಬಿಸಿ ಇದ್ದರೆ ಮಾತ್ರ, ಇಲ್ಲದಿದ್ದರೆ ಬೇಡವೇ ಬೇಡ. ಮೆಗ್ ಇಂಥ ಮಾತನ್ನು ಉಸಿರು ಬಿಡದೆ, ಕೋಪ ತರಿಸದೆ ಹೇಳಬಲ್ಲರು. ಅದೇ ಸಿನಿಮಾದಲ್ಲಿ ನ್ಯೂಯಾರ್ಕ್‌ನ ಕ್ಯಾಟ್ಜ್ ಡೆಲಿಯ ಪ್ರಸಿದ್ಧ ದೃಶ್ಯ ಇದೆಯಲ್ಲ, ತುಂಬಿದ ಹೋಟೆಲ್‌ನಲ್ಲಿ ಸ್ಯಾಲಿ ಹಾಸಿಗೆಯ ಸುಖದ ಸುಳ್ಳು ನಾಟಕ ಆಡುವುದು. ನನ್ನ ಕ್ಯಾಸೆಟ್‌ನಲ್ಲಿ ಆ ಜಾಗದಲ್ಲಿ ಟೇಪ್ ಸವೆದು ಪರದೆಯ ಮೇಲೆ ಬಿಳಿ ಗೆರೆ ಓಡುತ್ತಿದ್ದವು. ಒಯ್ದವರೆಲ್ಲ ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡಿದ ಗುರುತು. ಹಿಂದಿನಿಂದ ಕೇಳಿ ಬರುವ ಕೊನೆಯ ಡೈಲಾಗ್ ಹೇಳುವ ಹೆಂಗಸು ನಿರ್ದೇಶಕ ರೈನರ್ ಅವರ ತಾಯಿ. ಇದು ನಿಮ್ಮ ಭಾಷಣಕ್ಕೆ ಬೇಕಾಗಿಲ್ಲ, ಆದರೆ ಹೇಳಿದರೆ ಜನ ನಗುತ್ತಾರೆ.

ಹಾಗಂತ ಎಲ್ಲಾ ಎಫ್ರಾನ್ ಪುಣ್ಯ ಅಂತ ಬರೆದರೆ ನಿಮ್ಮದೇ ರಿಜಿಸ್ಟರ್ ನಿಮ್ಮನ್ನು ಹಿಡಿಯುತ್ತದೆ. ಫ್ರೆಂಚ್ ಕಿಸ್, ಸಿಟಿ ಆಫ್ ಏಂಜಲ್ಸ್ ಎಫ್ರಾನ್ ಇಲ್ಲದೆಯೂ ಓಡಿದವು. ಹ್ಯಾಂಗಿಂಗ್ ಅಪ್ ಬರೆದವರು ನೋರಾ ಮತ್ತು ಅವರ ತಂಗಿ ಡೆಲಿಯಾ. ಅದು ಓಡಲಿಲ್ಲ. ಓಡಿದ ಎಲ್ಲವುಗಳಲ್ಲಿ ಏನಿದೆ ಅಂತ ಪಕ್ಕ ಪಕ್ಕ ಇಟ್ಟು ನೋಡಿ. ಪ್ರೀತಿ ಕಥೆಯ ಬದಿಗೆ ಇಲ್ಲ, ಕಥೆಯೇ ಅದು. ಹ್ಯಾಂಗಿಂಗ್ ಅಪ್ ಸಾಯುತ್ತಿರುವ ಅಪ್ಪ ಮತ್ತು ಮೂವರು ಮಕ್ಕಳ ಕಥೆ. ಪ್ರೂಫ್ ಆಫ್ ಲೈಫ್ ಅಪಹರಣದ ಕಥೆ. 1998ರ ನಂತರ ಎಫ್ರಾನ್ ನಿರ್ದೇಶಿಸಿದ ಲಕ್ಕಿ ನಂಬರ್ಸ್, ಬಿವಿಚ್ಡ್, ಜೂಲಿ ಅಂಡ್ ಜೂಲಿಯಾ ಯಾವುದರಲ್ಲೂ ಮೆಗ್ ಇಲ್ಲ.

ಗುಲ್ಲಿಗೆ ತಾರೀಖು ಹಾಕಿ

ಈಗ ಐದನೇ ಕಾಲಂ. 1991ರಲ್ಲಿ ನಟ ಡೆನ್ನಿಸ್ ಕ್ವೇಡ್ ಜತೆ ಮದುವೆ, 1992ರಲ್ಲಿ ಮಗ. 2000ದಲ್ಲಿ ಪ್ರೂಫ್ ಆಫ್ ಲೈಫ್ ಹೀರೋ ರಸೆಲ್ ಕ್ರೋವ್ ಜತೆ ಹೆಸರು ತಳುಕು ಹಾಕಿಕೊಂಡಿತು. 2001ರಲ್ಲಿ ವಿಚ್ಛೇದನ. ಪತ್ರಿಕೆಗಳು ಬಿಡಲಿಲ್ಲ. ಎಲ್ಲರ ಮನೆಯ ಹುಡುಗಿ ಹೀಗೆ ಮಾಡಬಹುದಾ ಅನ್ನುವ ದನಿಯಲ್ಲಿ ಬರೆದರು. ಪ್ರೂಫ್ ಆಫ್ ಲೈಫ್ ಸೋತಾಗ ಅದರ ನಿರ್ದೇಶಕರೂ ಈ ಗುಲ್ಲಿನ ಕಡೆಗೇ ಬೆರಳು ತೋರಿಸಿದರು.

ಎರಡು ಪರೀಕ್ಷೆ ಮಾಡಿ. ಮೊದಲನೆಯದು, ಗುಲ್ಲಿನ ನಂತರದ ಮೊದಲ ಪ್ರೇಮಕಥೆಗೆ ಏನಾಯಿತು? 2001ರ ಡಿಸೆಂಬರ್‌ನಲ್ಲಿ ಬಂದ ಕೇಟ್ ಅಂಡ್ ಲಿಯೋಪೋಲ್ಡ್ 4.8 ಕೋಟಿ ಡಾಲರ್ ಹಾಕಿ 7.6 ಕೋಟಿ ತಂದಿತು. ದೊಡ್ಡ ಹಿಟ್ ಅಲ್ಲ, ನಾವು ಹೇಳಿದ ಎರಡು ಪಟ್ಟು ಆಗಲಿಲ್ಲ. ಆದರೆ ಸಿಟ್ಟಿನಿಂದ ಜನ ಬಾಗಿಲು ಹಾಕಿಕೊಂಡ ಲೆಕ್ಕವೂ ಅಲ್ಲ. ಪ್ರೂಫ್ ಆಫ್ ಲೈಫ್‌ಗಿಂತ ಜಾಸ್ತಿ ಜನ ಇದಕ್ಕೆ ಬಂದಿದ್ದಾರೆ. ಎರಡನೆಯದು, ಅದೇ ಗುಲ್ಲಿನ ಇನ್ನೊಬ್ಬ ಪಾತ್ರಧಾರಿಗೆ ಏನಾಯಿತು? ಕ್ರೋವ್ 2001ರ ಮಾರ್ಚ್‌ನಲ್ಲಿ ಗ್ಲಾಡಿಯೇಟರ್‌ಗೆ ಆಸ್ಕರ್ ತಗೊಂಡರು. ಅದೇ ವರ್ಷದ ಕೊನೆಗೆ ಎ ಬ್ಯೂಟಿಫುಲ್ ಮೈಂಡ್ ಬಂತು. ಒಂದೇ ಗುಲ್ಲು, ಗಂಡಿಗೆ ಏನೂ ತಗುಲಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಗುಲ್ಲು ಮಾರ್ಕೆಟ್ ಕೆಡವಲಿಲ್ಲ. ಆದರೆ ಜನರ ಕಣ್ಣಿನಲ್ಲಿದ್ದ ಆ ಒಂದು ಚಿತ್ರವನ್ನು ಸಡಿಲ ಮಾಡಿತು. ಪೆಟ್ಟು ಬಿದ್ದದ್ದು ಅದಾದ ಮೇಲೆ.

ಚಿತ್ರ ಬದಲಿಸಿದ ಸಿನಿಮಾ

ಪ್ರತಿ ತಾರೆಯ ಪಟ್ಟಿಯಲ್ಲೂ ಒಂದು ಸಿನಿಮಾ ಇರುತ್ತದೆ. ಜನ ಯಾವ ಮುಖಕ್ಕೆ ದುಡ್ಡು ಕೊಡುತ್ತಿದ್ದರೋ ಆ ಮುಖವನ್ನು ತಾರೆ ಸ್ವತಃ ತೆಗೆದಿಟ್ಟ ಸಿನಿಮಾ. ಅದನ್ನು ಹುಡುಕಿ, ಅದಕ್ಕೆ ಜಾಸ್ತಿ ಸಮಯ ಕೊಡಿ. ಇಲ್ಲಿ ಅದು 2003ರ ಇನ್ ದ ಕಟ್.

ನಿರ್ದೇಶಕಿ ಜೇನ್ ಕ್ಯಾಂಪಿಯನ್. ನ್ಯೂಯಾರ್ಕ್‌ನ ಇಂಗ್ಲಿಷ್ ಟೀಚರ್, ಊರಿನಲ್ಲಿ ಹೆಂಗಸರ ಕೊಲೆಗಳು, ತನಿಖೆ ಮಾಡುವ ಪೊಲೀಸ್ ಜತೆ ಅಪಾಯದ ಸಂಬಂಧ. ಮೊದಲು ಈ ಪಾತ್ರ ನಿಕೋಲ್ ಕಿಡ್ಮನ್ ಮಾಡುವುದಿತ್ತು. ಅವರು ಬಿಟ್ಟು ನಿರ್ಮಾಪಕಿಯಾಗಿ ಉಳಿದರು. ಕಂದು ಕೂದಲು, ನಗು ಇಲ್ಲ, ಬೆತ್ತಲೆ ದೃಶ್ಯಗಳಿವೆ. ನನ್ನ ಅಂಗಡಿಗೆ ಡಿವಿಡಿ ಬಂದಾಗ ಕವರ್ ಹಿಂದೆ ದೊಡ್ಡವರಿಗೆ ಮಾತ್ರ ಅಂತ ಚೀಟಿ ಅಂಟಿಸಿದ್ದೆ. ಚೀಟಿ ಯಾರು ಓದುತ್ತಾರೆ? ಒಬ್ಬರು ಮುಖ ನೋಡಿ ಒಯ್ದರು. ಅದೇ ರಾತ್ರಿ ಶಟರ್ ಹಾಕುವ ಹೊತ್ತಿಗೆ ವಾಪಸ್ ಬಂದು ಡಿವಿಡಿ ಕೌಂಟರ್ ಮೇಲೆ ಕುಕ್ಕಿದರು. "ಮನ್ಯಾಗ ಅತ್ತಿ, ಮಾವ ಎಲ್ಲಾರೂ ಕೂತಿದ್ವಿ. ಈಕಿ ಇಂಥಾದ್ ಯಾಕ್ ಮಾಡ್ಯಾಳ್ರೀ?" ಸಿನಿಮಾ ಚೆನ್ನಾಗಿಲ್ಲ ಅನ್ನುವ ದೂರು ಅಲ್ಲ ಅದು. ಈಕೆ ಯಾಕೆ ಮಾಡಿದಳು ಅನ್ನುವ ದೂರು. ದುಡ್ಡು ವಾಪಸ್ ಕೇಳಲಿಲ್ಲ, ಬದಲಿಗೆ ಮತ್ತೆ ಯೂವ್ ಗಾಟ್ ಮೇಲ್ ಒಯ್ದರು.

ಇದೇ ಮಾತು ಲಂಡನ್‌ನಲ್ಲೂ ನಡೆಯಿತು. 2003ರಲ್ಲಿ ಬಿಬಿಸಿಯ ಮೈಕಲ್ ಪಾರ್ಕಿನ್ಸನ್ ಸಂದರ್ಶನಕ್ಕೆ ಮೆಗ್ ಹೋಗಿದ್ದರು. ಅದರ ವಿಡಿಯೋ ಸಿಗುತ್ತದೆ. ಅದರ ಬಗ್ಗೆ ಬರೆದದ್ದನ್ನು ಓದುವ ಬದಲು ಅದನ್ನೇ ನೋಡಿ. ಮೊದಲು ದನಿ ಇಟ್ಟು, ಆಮೇಲೆ ದನಿ ಮುಚ್ಚಿ. ದನಿ ಇಟ್ಟಾಗ ಚುಟುಕು ಉತ್ತರ ಕೊಡುವ ನಟಿ ಕಾಣುತ್ತಾರೆ. ದನಿ ಮುಚ್ಚಿದಾಗ ಪ್ರಶ್ನೆ ಕೇಳುವವರ ಮುಖ ಕಾಣುತ್ತದೆ. ಮಗಳನ್ನು ಬೈಯಲು ಕೂತ ಹಿರಿಯರ ಹಾಗೆ. ನನ್ನ ಜಾಗದಲ್ಲಿ ನೀವಿದ್ದರೆ ಈಗ ಏನು ಮಾಡುತ್ತಿದ್ದಿರಿ ಅಂತ ಪಾರ್ಕಿನ್ಸನ್ ಕೇಳಿದಾಗ, ಇದನ್ನು ಇಲ್ಲಿಗೇ ಮುಗಿಸುತ್ತಿದ್ದೆ ಅನ್ನುವ ಅರ್ಥದ ಉತ್ತರ ಮೆಗ್ ಅವರಿಂದ ಬರುತ್ತದೆ. ಆಗ ಎಲ್ಲರೂ ಮೆಗ್ ಅವರನ್ನೇ ಒರಟು ಅಂದರು. 2021ರಲ್ಲಿ ಪಾರ್ಕಿನ್ಸನ್ ತಾನು ನಡೆದುಕೊಂಡ ರೀತಿಗೆ ಬೇಸರ ಹೇಳಿಕೊಂಡರು. ಹದಿನೆಂಟು ವರ್ಷ ತಡ.

ಒಂದು ತಕರಾರು ಏಳುತ್ತದೆ. ಗಂಭೀರ ಪಾತ್ರ ಮಾಡಿದ್ದಕ್ಕೇ ಜನ ಬಿಟ್ಟರಾ? ಅಲ್ಲ. 1994ರಲ್ಲೇ ವೆನ್ ಎ ಮ್ಯಾನ್ ಲವ್ಸ್ ಎ ವುಮನ್‌ನಲ್ಲಿ ಕುಡಿತಕ್ಕೆ ಬಿದ್ದ ತಾಯಿಯಾಗಿದ್ದರು. ಜನ ನೋಡಿದರು, ಮೆಚ್ಚಿದರು. ಕರೇಜ್ ಅಂಡರ್ ಫೈರ್‌ನಲ್ಲಿ ಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸುವ ಹೆಲಿಕಾಪ್ಟರ್ ಪೈಲಟ್. ಅದಕ್ಕೂ ಯಾರೂ ತಕರಾರು ತೆಗೆಯಲಿಲ್ಲ. ಅತ್ತರೆ ಒಪ್ಪಿದರು, ಸತ್ತರೆ ಒಪ್ಪಿದರು. ಆಸೆ ಇರುವ ಹೆಣ್ಣಾಗಿ ನಿಂತಾಗ ಒಪ್ಪಲಿಲ್ಲ. ನಮ್ಮಲ್ಲಿ ಉಮಾಶ್ರೀ ಅವರನ್ನು ನೋಡಿ. ವರ್ಷಗಟ್ಟಲೆ ಜನರನ್ನು ನಗಿಸಿ, ಐವತ್ತರ ಆಸುಪಾಸಿನಲ್ಲಿ ಗಿರೀಶ್ ಕಾಸರವಳ್ಳಿಯವರ ಗುಲಾಬಿ ಟಾಕೀಸ್ ಮಾಡಿ ರಾಷ್ಟ್ರಪ್ರಶಸ್ತಿ ತಗೊಂಡರು. ಆಮೇಲೆ ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ತೇರದಾಳದಿಂದ ಶಾಸಕಿಯೂ ಆದರು. ದಾಟುವುದು ಸಾಧ್ಯ. ಆದರೆ ಉಮಾಶ್ರೀ ಅವರನ್ನು ಜನ ಯಾವತ್ತೂ ಬರೀ ಮುದ್ದು ಹುಡುಗಿಯಾಗಿ ನೋಡಿರಲಿಲ್ಲ. ಆ ಭಾರ ಅವರ ಮೇಲೆ ಇರಲಿಲ್ಲ.

ಇನ್ನೊಂದು ಮಾತು. ಇನ್ ದ ಕಟ್ ಕಡಿಮೆ ಖರ್ಚಿನ ಸಿನಿಮಾ. ದುಡ್ಡಿನ ಲೆಕ್ಕದಲ್ಲಿ ಅದರ ನಂತರ ಬಂದ ಬಾಕ್ಸಿಂಗ್ ಮ್ಯಾನೇಜರ್ ಕಥೆ ಅಗೇನ್‌ಸ್ಟ್ ದ ರೋಪ್ಸ್ ಕೊಟ್ಟಷ್ಟು ದೊಡ್ಡ ಹೊಡೆತ ಅದು ಕೊಡಲಿಲ್ಲ. ಈಚೆಗೆ ವಿಮರ್ಶಕರು ಇನ್ ದ ಕಟ್ ಅನ್ನು ಮತ್ತೆ ನೋಡಿ ಹೊಗಳುತ್ತಿದ್ದಾರೆ. ನನಗೆ ಮೆಗ್ ರಯಾನ್ ಅವರ ನಟನೆಯಲ್ಲಿ ಅತ್ಯಂತ ಧೈರ್ಯದ್ದು ಅದೇ ಅನಿಸುತ್ತದೆ. ಅಂಗಡಿಯಲ್ಲಿ ಮಾತ್ರ ಧೂಳು ತಿನ್ನುತ್ತಾ ಕೂತಿತ್ತು.

ವಯಸ್ಸಿನ ಮಾತು ಬಂದರೆ

ಪುಟದ ತಲೆಯ ಮೇಲೆ ಬರೆದ ಇಸವಿ ಈಗ ಬಳಸಿ. ಕೇಟ್ ಅಂಡ್ ಲಿಯೋಪೋಲ್ಡ್ ಬಂದಾಗ ಅವರಿಗೆ ಆಗಷ್ಟೇ 40. 2007ರ ಇನ್ ದ ಲ್ಯಾಂಡ್ ಆಫ್ ವಿಮೆನ್‌ನಲ್ಲಿ ಕ್ರಿಸ್ಟನ್ ಸ್ಟೀವರ್ಟ್ ತಾಯಿಯ ಪಾತ್ರ. ಹೀರೋಯಿನ್‌ನಿಂದ ಅಮ್ಮನ ಪಾತ್ರಕ್ಕೆ ಬರಲು ಹಾಲಿವುಡ್‌ಗೂ ಹೆಚ್ಚು ಹೊತ್ತು ಬೇಕಿಲ್ಲ, ನಮ್ಮಲ್ಲಿದ್ದ ಹಾಗೇ.

ಆದರೆ ವಯಸ್ಸೇ ಕಾರಣ ಅನ್ನುವ ಮೊದಲು ಅದೇ ವಯಸ್ಸಿನ ಇನ್ನೊಬ್ಬರನ್ನು ಪಕ್ಕದಲ್ಲಿಡಿ. ಸಾಂಡ್ರಾ ಬುಲಕ್ ಹುಟ್ಟಿದ್ದು 1964ರಲ್ಲಿ. 2009ರಲ್ಲಿ, 45ರ ಹೊತ್ತಿಗೆ, ದ ಪ್ರೊಪೋಸಲ್ ಅನ್ನುವ ಪ್ರೇಮದ ಕಾಮಿಡಿ ದೊಡ್ಡ ಹಿಟ್. ಅದೇ ವರ್ಷದ ದ ಬ್ಲೈಂಡ್ ಸೈಡ್‌ಗೆ ಆಸ್ಕರ್. ಬುಲಕ್ ತಾವೇ ನಿರ್ಮಾಪಕಿಯಾಗಿ ಮಿಸ್ ಕಂಜೀನಿಯಾಲಿಟಿ, ಟೂ ವೀಕ್ಸ್ ನೋಟಿಸ್ ಥರದ್ದನ್ನು ಮಾಡಿಕೊಂಡು ಬಂದವರು. ಜನ ಬಯಸುವ ಮುಖವನ್ನು ಬಿಡಲೂ ಇಲ್ಲ, ಅದಕ್ಕೆ ಸಿಕ್ಕಿ ಬೀಳಲೂ ಇಲ್ಲ. ಹಾಗಾಗಿ ವಯಸ್ಸು ಬಾಗಿಲನ್ನು ಸಣ್ಣದು ಮಾಡುತ್ತದೆ ಅಂತ ಬರೆಯಿರಿ, ಮುಚ್ಚುತ್ತದೆ ಅಂತ ಬರೆಯಬೇಡಿ.

ಬಜಾರ್ ಬದಲಾದದ್ದು

ಇದನ್ನು ಹುಡುಗರು ಯಾವಾಗಲೂ ಬಿಡುತ್ತಾರೆ. ನಟಿಯೊಬ್ಬರ ಕಥೆ ಹೇಳುವಾಗ ಬರೀ ನಟಿಯನ್ನೇ ನೋಡುತ್ತಾರೆ. ನನಗೆ ಇದು ಚೆನ್ನಾಗಿ ಗೊತ್ತು, ಯಾಕೆಂದರೆ ಅದೇ ಗಾಳಿಗೆ ನನ್ನ ಅಂಗಡಿಯೂ ಹೋಯಿತು.

ಪ್ರೇಮದ ಕಾಮಿಡಿ ಮಧ್ಯಮ ಖರ್ಚಿನ ಸಿನಿಮಾ. ದೊಡ್ಡ ಪರದೆಯ ಮೇಲೆ ನೋಡಲೇಬೇಕು ಅನ್ನುವಂಥದ್ದು ಅದರಲ್ಲಿ ಏನೂ ಇಲ್ಲ. ಮನೆಯಲ್ಲಿ ಮತ್ತೆ ಮತ್ತೆ ನೋಡುವ ಸಿನಿಮಾ ಅದು. ಥಿಯೇಟರ್‌ನಲ್ಲಿ ಸ್ವಲ್ಪ ಕಡಿಮೆ ಬಿದ್ದರೂ ಕ್ಯಾಸೆಟ್, ಡಿವಿಡಿ ಮಾರಾಟ ಮತ್ತು ಬಾಡಿಗೆಯಲ್ಲಿ ತುಂಬಿಕೊಳ್ಳುತ್ತಿತ್ತು. ಸ್ಟುಡಿಯೋಗಳು ಆ ಧೈರ್ಯದ ಮೇಲೆಯೇ ಇಂಥ ಸಿನಿಮಾಕ್ಕೆ ದುಡ್ಡು ಹಾಕುತ್ತಿದ್ದವು. ಅಮೆರಿಕದಲ್ಲಿ ಡಿವಿಡಿ ವ್ಯಾಪಾರ 2005ರ ಆಸುಪಾಸಿನಲ್ಲಿ ತುದಿ ಮುಟ್ಟಿ ಇಳಿಯತೊಡಗಿತು. 2007ರಲ್ಲಿ ನೆಟ್‌ಫ್ಲಿಕ್ಸ್ ನೇರ ಇಂಟರ್‌ನೆಟ್‌ನಲ್ಲಿ ಸಿನಿಮಾ ತೋರಿಸಲು ಶುರು ಮಾಡಿತು. 2010ರಲ್ಲಿ ಬ್ಲಾಕ್‌ಬಸ್ಟರ್ ಅನ್ನುವ ದೊಡ್ಡ ಬಾಡಿಗೆ ಕಂಪನಿ ದಿವಾಳಿ ಅರ್ಜಿ ಹಾಕಿತು. ಬೆಳಗಾವಿಯಲ್ಲಿ ನೆಟ್‌ಫ್ಲಿಕ್ಸ್ ಬರುವ ಮೊದಲೇ ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ಸಿನಿಮಾ ತುಂಬಿಸಿಕೊಡುತ್ತಿದ್ದರು. ನನ್ನ ಹತ್ತಿರ ಬಾಡಿಗೆಗೆ ಒಯ್ಯುವ ದುಡ್ಡಿನಲ್ಲಿ ಅಲ್ಲಿ ಕಾರ್ಡ್ ತುಂಬ ಸಿನಿಮಾ. ಯಾರು ಬರುತ್ತಾರೆ ಹೇಳಿ?

ಅದೇ ಹೊತ್ತಿಗೆ ನಗುವಿನ ರುಚಿಯೂ ಬದಲಾಯಿತು. 2005ರ ದ 40 ಇಯರ್ ಓಲ್ಡ್ ವರ್ಜಿನ್, 2007ರ ನಾಕ್ಡ್ ಅಪ್ ಥರದ ಸಿನಿಮಾಗಳಲ್ಲಿ ಪ್ರೀತಿ ಇದೆ, ಆದರೆ ಕಥೆ ಗಂಡಸಿನದ್ದು. ಬೆಳೆಯದ ಗಂಡಸು ಬೆಳೆಯುವ ಕಥೆ. ಮಾತುಗಾರ್ತಿ ಹೆಣ್ಣಿನ ಜಾಗ ಸಣ್ಣದಾಯಿತು. 2008ರಲ್ಲಿ ಐರನ್ ಮ್ಯಾನ್ ಬಂದ ಮೇಲೆ ಸ್ಟುಡಿಯೋ ದುಡ್ಡು ಹಾರುವ ಜನರ ಹಿಂದೆ ಓಡಿತು. ಆ ವರ್ಷ ಮೆಗ್ ಅವರ ಮೈ ಮಾಮ್ಸ್ ನ್ಯೂ ಬಾಯ್‌ಫ್ರೆಂಡ್ ಅಮೆರಿಕದಲ್ಲಿ ಥಿಯೇಟರ್ ನೋಡದೆ ನೇರ ಡಿವಿಡಿಗೆ ಹೋಯಿತು. ಹತ್ತು ವರ್ಷ ಹಿಂದೆ 25 ಕೋಟಿ ಡಾಲರ್ ತಂದ ನಟಿ!

ಯೂವ್ ಗಾಟ್ ಮೇಲ್‌ನಲ್ಲಿ ದೊಡ್ಡ ಮಳಿಗೆಯ ಹೊಡೆತಕ್ಕೆ ಮೆಗ್ ತಮ್ಮ ಸಣ್ಣ ಪುಸ್ತಕದ ಅಂಗಡಿ ಮುಚ್ಚುತ್ತಾರೆ. ಅಂಗಡಿಕಾರನಾಗಿ ಹೇಳುತ್ತೇನೆ, ಮುಚ್ಚಿಸಿದವನನ್ನೇ ಕೊನೆಗೆ ಪ್ರೀತಿಸುವುದು ಸಿನಿಮಾದಲ್ಲಿ ಮಾತ್ರ.

ಅವರ ಬಾಯಿಂದಲೇ ಏನು ಬಂತು

ಕೊನೆಗೆ ನಟಿಯ ಸ್ವಂತ ಮಾತು ಹುಡುಕಿ. ಪೂರ್ತಿ ಸಂದರ್ಶನ ಓದಿ, ಅದರಿಂದ ಕಿತ್ತು ಹಾಕಿದ ಒಂದು ಸಾಲು ನಂಬಬೇಡಿ. 2019ರ ನ್ಯೂಯಾರ್ಕ್ ಟೈಮ್ಸ್ ಸಂದರ್ಶನದಲ್ಲಿ ಮೆಗ್ ಹೇಳಿದ್ದರ ಸಾರ ಇಷ್ಟು: ಹಾಲಿವುಡ್‌ಗೆ ನಾನು ಸಾಕಾದ ಹೊತ್ತಿಗೆ ನನಗೂ ಹಾಲಿವುಡ್ ಸಾಕಾಗಿತ್ತು. ಇದನ್ನು ಐದನೇ ಕಾಲಂ ಜತೆ ತಾಳೆ ನೋಡಿ. 2006ರಲ್ಲಿ ಒಬ್ಬ ಹೆಣ್ಣುಮಗುವನ್ನು ದತ್ತು ತಗೊಂಡರು. ನಾವು ಬೆರಳಿಟ್ಟ ಆ ಖಾಲಿ ಜಾಗದ ಒಳಗೇ ಬರುತ್ತದೆ ಅದು. 2015ರಲ್ಲಿ ಇಥಾಕಾ ಅನ್ನುವ ಸಿನಿಮಾ ನಿರ್ದೇಶಿಸಿದರು, ಅದರಲ್ಲಿ ಟಾಮ್ ಹ್ಯಾಂಕ್ಸ್‌ಗೆ ಸಣ್ಣ ಪಾತ್ರ. 2023ರಲ್ಲಿ ತಾವೇ ನಿರ್ದೇಶಿಸಿ ನಟಿಸಿದ ವಾಟ್ ಹ್ಯಾಪನ್ಸ್ ಲೇಟರ್. ಹಿಮಪಾತದಿಂದ ವಿಮಾನ ನಿಂತುಹೋದ ಏರ್‌ಪೋರ್ಟ್‌ನಲ್ಲಿ ಸಿಕ್ಕಿಹಾಕಿಕೊಂಡ ಇಬ್ಬರು ಹಳೇ ಪ್ರೇಮಿಗಳ ಕಥೆ. ಎಫ್ರಾನ್ 2012ರಲ್ಲಿ ತೀರಿಹೋಗಿದ್ದರು. ಸಿನಿಮಾವನ್ನು ಅವರ ನೆನಪಿಗೇ ಅರ್ಪಿಸಿದ್ದಾರೆ.

ತಾರೆಗಳು ಆಮೇಲೆ "ನಾನೇ ಬಿಟ್ಟೆ" ಅನ್ನುವುದುಂಟು. ಅರ್ಧ ನಂಬಿ. ಇಲ್ಲಿ ನಾನು ಅರ್ಧಕ್ಕಿಂತ ಜಾಸ್ತಿ ನಂಬುತ್ತೇನೆ. 40ರ ನಂತರ ಇನ್ ದ ಕಟ್ ಆರಿಸಿದವರು ಮತ್ತೆ ಅದೇ ನಗು ಮಾರುವ ಆಸೆ ಇಟ್ಟುಕೊಂಡಿರಲಿಲ್ಲ ಅಂತ ಕಾಣುತ್ತದೆ.

ಬರೆಯಬಾರದ್ದು ಎರಡು

ಮುಖದ ಬಗ್ಗೆ ಬರೆಯಬೇಡಿ. ಎರಡು ಫೋಟೋ ಪಕ್ಕ ಪಕ್ಕ ಇಟ್ಟು ಆಪರೇಷನ್ ಕಂಡುಹಿಡಿಯಲು ನೀವು ಡಾಕ್ಟರ್ ಅಲ್ಲ. ಅದೂ ಅಲ್ಲದೆ ರಿಜಿಸ್ಟರ್ ನೋಡಿ, ಹಿಟ್ ನಿಂತದ್ದಕ್ಕೆ ಆ ಮಾತು ಬೇಕಾಗಿಯೇ ಇಲ್ಲ.

ಬಿಟ್ಟ ಪಾತ್ರಗಳ ಪಟ್ಟಿಯನ್ನೂ ಬಿಡಿ. "ಆ ಸಿನಿಮಾ ಮೊದಲು ಇವರಿಗೇ ಬಂದಿತ್ತು" ಅನ್ನುವ ಪಟ್ಟಿಯಲ್ಲಿ ಒಂದೇ ಪಾತ್ರ ಹತ್ತು ನಟಿಯರ ಹೆಸರಿನಲ್ಲಿ ಇರುತ್ತದೆ.

ಮಾತಾಡುವ ದಿನ

ಐದೂ ಕಾಲಂ ತುಂಬಿದ ಮೇಲೆ ಹೇಳುವ ಕ್ರಮ ನೀವೇ ಗೊತ್ತು ಮಾಡಿಕೊಳ್ಳಿ. ಹುಟ್ಟಿದ ಊರಿನಿಂದ ಶುರು ಮಾಡಬೇಡಿ ಅಷ್ಟೇ, ಅಷ್ಟೊತ್ತಿಗೆ ಜನ ಮೊಬೈಲ್ ತೆಗೆಯುತ್ತಾರೆ. ಖಾಲಿ ಜಾಗದಿಂದ ಶುರು ಮಾಡಿ. 2004, ಆಮೇಲೆ 2007, ನಡುವೆ ಏನಿಲ್ಲ, ಯಾಕೆ? ಅಲ್ಲಿಂದ ಗುಲ್ಲಿನ ಮಾತು ತೆಗೆದು, ತಾರೀಖು ಇಟ್ಟು ಅದನ್ನು ಅರ್ಧ ಕಡಿಮೆ ಮಾಡಿ. ಆಮೇಲೆ ಇನ್ ದ ಕಟ್, ಆಮೇಲೆ ಬಜಾರ್. ಕೇಳುವವರಲ್ಲಿ ಯಾರಾದರೂ "ಅಫೇರ್‌ನಿಂದಲೇ ಅಲ್ಲೇನ್ರೀ?" ಅಂತ ಕೇಳಿಯೇ ಕೇಳುತ್ತಾರೆ. ಆಗ ಕ್ರೋವ್ ಆಸ್ಕರ್ ತಗೊಂಡ ತಿಂಗಳು ಹೇಳಿ ಸುಮ್ನೆ ನಿಲ್ಲಿ. ಉಳಿದದ್ದನ್ನು ಅವರವರೇ ಜಗಳ ಆಡಿಕೊಳ್ಳುತ್ತಾರೆ.

ಎಲ್ಲಾ ಸಿನಿಮಾ ನೋಡಲು ಪುರುಸೊತ್ತು ಇಲ್ಲದಿದ್ದರೆ ನಾಲ್ಕು ಸಾಕು. ವೆನ್ ಹ್ಯಾರಿ ಮೆಟ್ ಸ್ಯಾಲಿ, ಯೂವ್ ಗಾಟ್ ಮೇಲ್, ಇನ್ ದ ಕಟ್, ವಾಟ್ ಹ್ಯಾಪನ್ಸ್ ಲೇಟರ್, ಇದೇ ಕ್ರಮದಲ್ಲಿ. ಮೂರನೆಯದನ್ನು ಮಾತ್ರ ಅತ್ತೆ, ಮಾವ ಮಲಗಿದ ಮೇಲೆ ಹಾಕಿ.